ಚಪ್ಪಡಿ ಸುಸ್ಥಿತಿಯಲ್ಲಿದೆ, ಅರ್ಜಿ ವಿಲೇವಾರಿಯಾಗಿದೆ

ಹದಿನಾಲ್ಕು ತಿಂಗಳಾದ ಮೇಲೆ ಉತ್ತರ ಬಂತು. ಕಂದು ಬಣ್ಣದ ಲಕೋಟೆ. ಮೂಲೆಯಲ್ಲಿ ಕೆಂಪು ಮುದ್ರೆ: ‘ಅತಿ ಜರೂರು’.

ನಮ್ಮ ಓಣಿಯ ಚರಂಡಿ ಮೇಲಿನ ಕಲ್ಲುಚಪ್ಪಡಿ ಮುರಿದಿತ್ತು. ಎದುರಿಗೇ ಅಂಗನವಾಡಿ. ಮಕ್ಕಳು ಬೀಳುವ ಮೊದಲು ಹೊಸದು ಹಾಕಿಸಿ ಎಂದು ಒಂದು ಪುಟದ ಪತ್ರ ಬರೆದಿದ್ದೆ. ಕಾದೆವು. ಮೊದಲು ಒಂದು ಕರು ಬಿತ್ತು. ಆಮೇಲೆ ಮೂಲೆಮನೆಯ ತಾತ ಬಿದ್ದರು. ಕರು ಎದ್ದು ಓಡಿತು. ತಾತ ಎರಡು ತಿಂಗಳು ಮಂಚ ಹಿಡಿದರು. ಕೊನೆಗೆ ಓಣಿಯವರೇ ಮನೆಗೆ ಇನ್ನೂರು ರೂಪಾಯಿಯಂತೆ ಪಟ್ಟಿ ಹಾಕಿ, ಟ್ರ್ಯಾಕ್ಟರಿನಲ್ಲಿ ಚಪ್ಪಡಿ ತರಿಸಿ ಹಾಕಿಸಿದೆವು.

ಈಗ ಉತ್ತರ ಹೇಳುತ್ತದೆ: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸ್ಥಳ ಪರಿಶೀಲನೆ ನಡೆಸಲಾಗಿ, ಸದರಿ ಸ್ಥಳದಲ್ಲಿ ಚಪ್ಪಡಿಯು ಸುಸ್ಥಿತಿಯಲ್ಲಿರುವುದು ಕಂಡುಬಂದಿರುತ್ತದೆ. ಆದ್ದರಿಂದ ತಮ್ಮ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ ಎಂದು ಈ ಮೂಲಕ ತಿಳಿಯಪಡಿಸಿದೆ.’

ಸುಳ್ಳು ಎನ್ನಲಾರೆ. ಚಪ್ಪಡಿ ಸುಸ್ಥಿತಿಯಲ್ಲೇ ಇದೆ. ನನ್ನ ಇನ್ನೂರು ರೂಪಾಯಿ ಅದರಲ್ಲಿದೆ.

ಕಚೇರಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದೇ ಹಾಗೆ ಎಂದುಕೊಂಡು ಉಳಿದ ಕಚೇರಿಗಳು ನೆಮ್ಮದಿಯಾಗಿ ಮಲಗುತ್ತವೆ. ಬಳ್ಳಾರಿಯ ಬಿಸಿಲಿಗೆ ಮೊದಲೇ ನಿದ್ದೆ ಜಾಸ್ತಿ.

‘ವಿಲೇವಾರಿ’ ಎಂಬ ಪದವನ್ನು ಒಮ್ಮೆ ಬಿಡಿಸಿ ನೋಡಿ. ನಮ್ಮ ಆಡಳಿತ ಕನ್ನಡದಲ್ಲಿ ಅದು ಮುಖ್ಯವಾಗಿ ಮೂರು ವಸ್ತುಗಳಿಗೆ ಸಲ್ಲುತ್ತದೆ. ಕಸಕ್ಕೆ. ವಾರಸುದಾರರಿಲ್ಲದ ಶವಕ್ಕೆ. ಸಾರ್ವಜನಿಕರ ಅರ್ಜಿಗೆ. ಮೂರರಲ್ಲೂ ಉದ್ದೇಶ ಒಂದೇ, ಕಣ್ಣೆದುರಿನಿಂದ ತೊಲಗಿದರೆ ಸಾಕು. ಚಪ್ಪಡಿ ಹಾಕಿದರೋ ಇಲ್ಲವೋ ಎಂಬುದು ಬೇರೆ ಪ್ರಶ್ನೆ. ಅರ್ಜಿ ವಿಲೇವಾರಿಯಾಯಿತೋ ಇಲ್ಲವೋ ಎಂಬುದಷ್ಟೇ ಪರಿಶೀಲನಾ ಸಭೆಯ ಪ್ರಶ್ನೆ. ಆಯಿತು ಸಾರ್. ನೂರಕ್ಕೆ ನೂರು.

ಇನ್ನೊಂದು ಪದ ‘ಹಿಂಬರಹ’. ಹಿಂದೆ ಅರ್ಜಿಯ ಹಿಂಬದಿಯಲ್ಲೇ ಉತ್ತರ ಬರೆದು ಕೊಡುತ್ತಿದ್ದರು, ಅದಕ್ಕೇ ಆ ಹೆಸರು. ಹಾಳೆ ಮಗುಚಿ ಬರೆಯುವಷ್ಟು ಹೊತ್ತು. ಈಗ ಹಾಳೆ ಮಗುಚಲು ಒಬ್ಬರು, ಬರೆಯಲು ಒಬ್ಬರು, ಸಹಿಗೆ ಒಬ್ಬರು. ಸಹಿಯವರು ಮೀಟಿಂಗಿನಲ್ಲಿ. ‘ಕಡತ’ವೂ ಹಾಗೇ. ಮೂಲದಲ್ಲಿ ಅದು ಬಟ್ಟೆ. ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ. ಬೇಡವೆನಿಸಿದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಬಳಪ ಹೋಗಿದೆ. ಒರೆಸುವ ವಿದ್ಯೆ ಉಳಿದಿದೆ.

ಒಂದು ಪತ್ರದ ಜಾತಕ ಹೀಗಿರುತ್ತದೆ. ಅಂಚೆಯಣ್ಣ ತನ್ನ ಕೆಲಸ ಮುಗಿಸುತ್ತಾನೆ, ಬಹುತೇಕ ಎರಡೇ ದಿನಕ್ಕೆ. 2025ರಲ್ಲಿ ರಿಜಿಸ್ಟರ್ ಅಂಚೆ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಅಂದರೆ ದೇಶದಲ್ಲಿ ಪತ್ರ ಒಯ್ಯುವವರಿಗೆ ಅವಸರ ಇನ್ನೂ ಹೆಚ್ಚಾಗಿದೆ. ಒಯ್ದು ಕೊಟ್ಟ ಬಾಗಿಲಿನಲ್ಲೇ ಅವಸರ ಸಾಯುತ್ತದೆ. ಟಪಾಲು ಶಾಖೆಯಲ್ಲಿ ಸೀಲು. ಆವಕ ವಹಿಯಲ್ಲಿ ನಂಬರು. ಆಮೇಲೆ ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾ. ವಿಷಯ ನಿರ್ವಾಹಕರು ಮಂಡಿಸುತ್ತಾರೆ. ಸಾಹೇಬರು ‘ಚರ್ಚಿಸಿ’ ಎಂದು ಬರೆಯುತ್ತಾರೆ.

ಆ ಮೂರಕ್ಷರ ಬಿದ್ದಿತೆಂದರೆ ಅರ್ಜಿಗೆ ದೀರ್ಘಾಯುಷ್ಯ. ಚರ್ಚಿಸಬೇಕಾದ ಇಬ್ಬರ ನಡುವೆ ಇರುವುದು ಒಂದು ಅರ್ಧಬಾಗಿಲು. ದಿನಕ್ಕೆರಡು ಸಲ ಒಂದೇ ಕೆಟಲಿನ ಚಹಾ ಕುಡಿಯುತ್ತಾರೆ. ಕ್ರಿಕೆಟ್ ಚರ್ಚೆಯಾಗುತ್ತದೆ. ವರ್ಗಾವಣೆ ಚರ್ಚೆಯಾಗುತ್ತದೆ. ತುಟ್ಟಿಭತ್ಯೆಯ ಬಗ್ಗೆ ಆಳವಾದ ಚರ್ಚೆಯಾಗುತ್ತದೆ. ಚಪ್ಪಡಿಗೆ ಸರದಿ ಬರುವುದಿಲ್ಲ.

ಹೋಗಿ ಕೇಳಿದರೆ ನಮ್ಮ ಸೀಮೆಯ ಮರ್ಯಾದೆಗೇನೂ ಕೊರತೆಯಿಲ್ಲ. ‘ಬರ್ರಿ ಸಾರ್, ಕುಂದ್ರಿ. ನಿಮ್ಮ ಕಾಗದ ಮೂವ್‌ಮೆಂಟ್‌ನಾಗ ಐತ್ರಿ.’ ಎಲ್ಲಿಂದ ಎಲ್ಲಿಗೆ ಎಂದು ಕೇಳಬಾರದು. ಭೂಮಿಯೂ ಚಲಿಸುತ್ತದೆ. ನಮಗೆ ಗೊತ್ತಾಗುತ್ತದೆಯೇ?

ನ್ಯಾಯವಾಗಿ ಒಂದು ಮಾತು ಹೇಳಬೇಕು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆಯೆಂದು ಸರ್ಕಾರವೇ ಒಪ್ಪಿಕೊಂಡಿದೆ. ಮೂರು ಮೇಜಿನ ಕೆಲಸ ಒಬ್ಬನೇ ಹೊತ್ತಿರುವ ಗುಮಾಸ್ತರನ್ನು ನಾನೂ ಕಂಡಿದ್ದೇನೆ. ಅಂಥವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಖಾಲಿ ಹುದ್ದೆಗೊಂದು ವಿಚಿತ್ರ ಗುಣವಿದೆ. ಕೊಡುವ ಕಡೆ ಮಾತ್ರ ಅದು ಖಾಲಿ. ವಸೂಲಿಯ ಕಡೆ ಯಾವ ಕುರ್ಚಿಯೂ ಖಾಲಿ ಇದ್ದಂತೆ ಕಾಣುವುದಿಲ್ಲ. ಮನೆಕಂದಾಯ ಏಪ್ರಿಲ್‌ನಲ್ಲಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ನೂರಕ್ಕೆ 2ರಂತೆ ದಂಡ. ‘ನಮ್ಮನೆಯಲ್ಲಿ ಸಿಬ್ಬಂದಿ ಕೊರತೆ ಇದೆ, ಕಂದಾಯ ಪರಿಶೀಲನೆಯಲ್ಲಿದೆ’ ಎಂದು ಒಮ್ಮೆ ಹಿಂಬರಹ ಕೊಟ್ಟು ನೋಡಿ.

ನಮ್ಮ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳೂ ಇದೆ. ಅವರದರಲ್ಲಿ ವರ್ಷದ ಮುಳ್ಳು ಮಾತ್ರ.

ಸಿರುಗುಪ್ಪದ ಕಡೆ ಹೋಗೋಣ. ತುಂಗಭದ್ರೆಯ ಬಲದಂಡೆ ಕೆಳಮಟ್ಟದ ಕಾಲುವೆ, ರೈತರ ಬಾಯಲ್ಲಿ ಎಲ್‌ಎಲ್‌ಸಿ. ಕೊನೆಭಾಗದ ಒಬ್ಬ ಭತ್ತದ ರೈತ ‘ನಮ್ಮ ತೂಬಿಗೆ ನೀರು ಬರ್ತಿಲ್ಲ’ ಎಂದು ಕಾಗದ ಹಾಕುತ್ತಾನೆಂದು ಇಟ್ಟುಕೊಳ್ಳಿ. ಸೋನಾಮಸೂರಿಗೆ ಬಿತ್ತನೆಯಿಂದ ಕೊಯ್ಲಿನವರೆಗೆ ಐದು ತಿಂಗಳ ಹತ್ತಿರ. ಈ ಐದು ತಿಂಗಳೊಳಗೆ ಸಸಿಮಡಿ, ನಾಟಿ, ಕಳೆ, ಗೊಬ್ಬರ, ತೆನೆ, ಕೊಯ್ಲು, ಒಕ್ಕಣೆ ಎಲ್ಲ ಮುಗಿದು ಭತ್ತ ರೈಸ್‌ಮಿಲ್ಲಿಗೂ ಹೋಗಿರುತ್ತದೆ. ಅಕ್ಕಿ ಅನ್ನವಾಗಿ ಯಾರದೋ ಹೊಟ್ಟೆ ಸೇರಿದ ಮೇಲೆ ಕಾಗದ ಬರುತ್ತದೆ: ‘ತಮ್ಮ ಮನವಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಿಸಿದ ಉಪವಿಭಾಗಕ್ಕೆ ರವಾನಿಸಲಾಗಿದೆ.’ ಭತ್ತ ಒಣಗಿದರೂ ಇದೇ ಉತ್ತರ. ಬೆಳೆದರೂ ಇದೇ ಉತ್ತರ. ಉತ್ತರಕ್ಕೆ ನೀರಿನ ಹಂಗಿಲ್ಲ.

ಅದೇ ತುಂಗಭದ್ರೆಯಲ್ಲಿ 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿಗೆ ಎದೆಕೊಟ್ಟು ತಾತ್ಕಾಲಿಕ ಗೇಟು ಇಳಿಸಬೇಕಿತ್ತು. ತಜ್ಞ ಕನ್ನಯ್ಯ ನಾಯ್ಡು ಬಂದರು, ಸುತ್ತಲಿನ ಕಾರ್ಖಾನೆಗಳಲ್ಲಿ ಉಕ್ಕಿನ ತುಂಡು ತಯಾರಾದವು, ಒಂದು ವಾರದಲ್ಲಿ ಗೇಟು ಕೂತಿತು. ಹುರುಳು ಇಷ್ಟೇ: ಮನಸ್ಸು ಮಾಡಿದರೆ ಇದೇ ರಾಜ್ಯದಲ್ಲಿ, ಇದೇ ಇಲಾಖೆಗಳಿಂದ, ಉಕ್ಕೂ ಒಂದು ವಾರದಲ್ಲಿ ನೀರಿಗಿಳಿಯುತ್ತದೆ. ಕಾಗದ ಉಕ್ಕಿಗಿಂತ ಭಾರವೇನಲ್ಲ. ಅಂದು ಅಣೆಕಟ್ಟಿನ ಮೇಲೆ ಟೀವಿ ಕ್ಯಾಮೆರಾಗಳು ಸಾಲಾಗಿ ನಿಂತಿದ್ದವು. ಟಪಾಲು ಶಾಖೆಯಲ್ಲಿ ಕ್ಯಾಮೆರಾ ನಿಂತದ್ದನ್ನು ಯಾರಾದರೂ ನೋಡಿದ್ದೀರಾ?

ಇತಿಹಾಸವೂ ನಮ್ಮ ಪರವಾಗಿಯೇ ಇದೆ, ಏನು ಮಾಡುವುದು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂಬ ಹೆಸರಾಯಿತು. 1807ರವರೆಗೆ ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರ್. ಮಂತ್ರಾಲಯ ಮಠದ ಜಮೀನಿನ ಕಂದಾಯದ ತಕರಾರು ಬಂದಾಗ ಖುದ್ದು ಹೋದನಂತೆ. ಟೊಪ್ಪಿಗೆ, ಬೂಟು ಕಳಚಿಟ್ಟು ಬೃಂದಾವನದ ಮುಂದೆ ನಿಂತನಂತೆ. 1671ರಲ್ಲೇ ಬೃಂದಾವನ ಪ್ರವೇಶಿಸಿದ್ದ ರಾಘವೇಂದ್ರ ಸ್ವಾಮಿಗಳು ಒಳಗಿನಿಂದಲೇ ಅವನ ಪ್ರಶ್ನೆಗೆಲ್ಲ ಉತ್ತರ ಕೊಟ್ಟರಂತೆ. ತಕರಾರು ಅಲ್ಲೇ ಮುಗಿಯಿತಂತೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನನ್ನ ಹೊಟ್ಟೆಕಿಚ್ಚು ಬೇರೆ. ಬೃಂದಾವನಸ್ಥರಾಗಿ ನೂರಿಪ್ಪತ್ತೊಂಬತ್ತು ವರ್ಷ ದಾಟಿದವರು ಕೇಳಿದ ಪ್ರಶ್ನೆಗೆ ಕೂಡಲೇ ಉತ್ತರ ಕೊಟ್ಟರು ಎಂದು ನಂಬುವ ಸೀಮೆ ಇದು. ಫ್ಯಾನಿನ ಕೆಳಗೆ ಕೂತ ಜೀವಂತ ಅಧಿಕಾರಿ ಉತ್ತರ ಕೊಟ್ಟರು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ.

ಮನ್ರೋ ಕಾಲದಲ್ಲಿ ಇಲ್ಲಿಂದ ಲಂಡನ್ನಿಗೆ ಕಾಗದ ಹಾಯಿಹಡಗಿನಲ್ಲಿ ಆಫ್ರಿಕಾ ಸುತ್ತಿಕೊಂಡು ಹೋಗುತ್ತಿತ್ತು. ಹೋಗಲು ಐದಾರು ತಿಂಗಳು, ಬರಲು ಐದಾರು ತಿಂಗಳು. ಬಿರುಗಾಳಿ, ಕಡಲ್ಗಳ್ಳರು, ಯುದ್ಧ ಎಲ್ಲ ದಾಟಿ ಒಂದು ವರ್ಷದ ಸುಮಾರಿಗೆ ಉತ್ತರ. ನನ್ನ ಕಾಗದಕ್ಕೆ ಹದಿನಾಲ್ಕು ತಿಂಗಳು. ಅದು ದಾಟಿದ್ದು ಒಂದು ವರಾಂಡ.

ಈಗ ಕುರುಗೋಡು. 2018ರ ಜನವರಿಯಲ್ಲಿ ರಾಜ್ಯದ ಇತರ ಹೊಸ ತಾಲ್ಲೂಕುಗಳ ಜೊತೆ ಇದೂ ತಾಲ್ಲೂಕಾಯಿತು. ‘ಆಡಳಿತ ಜನರ ಬಾಗಿಲಿಗೆ’ ಎಂದು ಭಾಷಣವಾಯಿತು. ಬಾಗಿಲಿಗೆ ಬಂತು, ನಿಜ. ಒಳಗೆ ಬರಲಿಲ್ಲ. ಹೊಸ ತಾಲ್ಲೂಕಾದ ಕಡೆಯಲ್ಲೆಲ್ಲ ಒಂದೇ ಹಾಡು ಕೇಳುತ್ತದೆ. ಹೊಸ ಊರಿನವರು ‘ಹಳೇ ರೆಕಾರ್ಡು ಹಳೇ ತಾಲ್ಲೂಕಿನಾಗ ಅದಾವ್ರಿ’ ಎನ್ನುತ್ತಾರೆ. ಹಳೇ ತಾಲ್ಲೂಕಿನವರು ‘ನೀವೀಗ ಹೊಸ ತಾಲ್ಲೂಕಿನವ್ರು, ಅಲ್ಲೇ ಕೇಳ್ರಿ’ ಎನ್ನುತ್ತಾರೆ. ಮೊದಲು ಕಾಗದ ಕಳೆದುಹೋಗಲು ಒಂದೇ ಕಚೇರಿ ಇತ್ತು. ಈಗ ಎರಡು. ಅಧಿಕಾರ ವಿಕೇಂದ್ರೀಕರಣ ಎಂದರೆ ಇದೇ ಇರಬೇಕು.

ಕುರುಗೋಡಿನ ದೊಡ್ಡಬಸವೇಶ್ವರನನ್ನು ನೋಡಿದವರಿಗೆ ಗೊತ್ತು. ಬೃಹತ್ ನಂದಿ, ಕೂತಲ್ಲಿಂದ ಕದಲುವುದಿಲ್ಲ. ಆದರೂ ಅವನ ತೇರು ವರ್ಷಕ್ಕೊಮ್ಮೆ ಎದ್ದು ನಾಲ್ಕು ಹೆಜ್ಜೆ ಹೋಗಿ ಬರುತ್ತದೆ. ಕಡತಕ್ಕೆ ಆ ತೇರಿನ ಭಾಗ್ಯವೂ ಇಲ್ಲ. ಎಳೆಯುವವರು ಬೇಕು. ಎಳೆಯುವವರಿಗೆ ದಕ್ಷಿಣೆ ಬೇಕು. ಆ ವಿಷಯ ಇಲ್ಲಿ ಬೇಡ, ಎಲ್ಲರಿಗೂ ದರಪಟ್ಟಿ ಬಾಯಿಪಾಠವಾಗಿದೆ.

ಕುರುಗೋಡಿನವರು ಅಷ್ಟಾದರೂ ಪುಣ್ಯವಂತರು. ಹರಪನಹಳ್ಳಿಯವರನ್ನು ನೆನೆಯಿರಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋದರು. 2018ರಲ್ಲಿ ಬಳ್ಳಾರಿಗೆ ವಾಪಸಾದರು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರು. ಊರು ಇದ್ದಲ್ಲೇ ಇತ್ತು. ಇಪ್ಪತ್ತನಾಲ್ಕು ವರ್ಷದಲ್ಲಿ ಜಿಲ್ಲಾ ಕೇಂದ್ರ ಮಾತ್ರ ಮೂರು ಸಲ ಬದಲಾಯಿತು. 1997ರಲ್ಲಿ ಕೊಟ್ಟ ಅರ್ಜಿಯನ್ನು ಈಗ ಯಾವ ಜಿಲ್ಲೆಯ ಯಾವ ಬೀರುವಿನಲ್ಲಿ ಹುಡುಕುವುದು?

ನಮ್ಮ ಬೀಚಿ ಆ ಊರಿನವರು, ಪೂರ್ಣ ಹೆಸರು ರಾಯಸಂ ಭೀಮಸೇನರಾವ್. ವಿಜಯನಗರದ ಅರಸರ ಬಾಯಿಂದ ಬಿದ್ದ ಆಜ್ಞೆಯನ್ನು ಬರಹಕ್ಕಿಳಿಸುತ್ತಿದ್ದವರು ರಾಯಸದವರು. ಆ ಹೆಸರು ಹೊತ್ತ ಬೀಚಿ ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡಿ ಹಾಸ್ಯ ಬರೆದರು. ಸರ್ಕಾರಿ ಕಚೇರಿಯೊಳಗೆ ಅಷ್ಟು ವರ್ಷ ಕೂತವರಿಗೆ ಬೇರೆ ಏನು ಬರೆಯಲು ಸಾಧ್ಯ?

ಕಾನೂನಿಲ್ಲವೇ ಎಂದು ಯಾರೋ ಅಮಾಯಕರು ಕೇಳುತ್ತೀರಿ. ಇದೆ, ಭರ್ಜರಿಯಾಗಿ ಇದೆ. 2011ರಲ್ಲಿ ನಾಗರಿಕರಿಗೆ ಸೇವೆಗಳ ಖಾತರಿ ಕಾಯ್ದೆ ಬಂತು. 2012ರ ಏಪ್ರಿಲ್ 2ರಿಂದ ಇಡೀ ರಾಜ್ಯದಲ್ಲಿ ‘ಸಕಾಲ’. ಮೊದಲಿಗೆ 11 ಇಲಾಖೆಗಳ 151 ಸೇವೆ. ಅರ್ಜಿಗೆ 15 ಅಂಕಿಯ ನಂಬರು. ಘೋಷಣೆ ನೆನಪಿದೆಯೇ? ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೋಲ್ಲ.’ ಮೊದಲರ್ಧ ಅಕ್ಷರಶಃ ಜಾರಿಯಾಗಿದೆ. ಇಂದೂ ಇಲ್ಲ, ನಾಳೆಯೂ ಇಲ್ಲ.

ಹೇಳಿದ ದಿನ ತಪ್ಪಿದರೆ? ಅಧಿಕಾರಿ ದಿನಕ್ಕೆ 20 ರೂಪಾಯಿ ಪರಿಹಾರ ಕೊಡಬೇಕು. ಗರಿಷ್ಠ 500. ಗಣಿತ ಬರುವವರು ಭಾಗಿಸಿ. ಇಪ್ಪತ್ತೈದನೆಯ ದಿನಕ್ಕೆ ಮೀಟರು ನಿಲ್ಲುತ್ತದೆ. ಇಪ್ಪತ್ತಾರನೆಯ ದಿನದಿಂದ ಇಪ್ಪತ್ತಾರನೆಯ ವರ್ಷದವರೆಗೆ ವಿಳಂಬ ಪೂರ್ತಿ ಉಚಿತ! ಕಂದಾಯ ಬಾಕಿ ಇಟ್ಟ ನನಗೆ ಕಟ್ಟುವವರೆಗೂ ತಿಂಗಳು ತಿಂಗಳೂ ಬೀಳುತ್ತದೆ. ಉತ್ತರ ಬಾಕಿ ಇಟ್ಟ ಅವರಿಗೆ ಒಂದೇ ತಿಂಗಳಲ್ಲಿ ಋಣಮುಕ್ತಿ.

ಇನ್ನೊಂದು ಮಾತು. ಸಕಾಲ ಇರುವುದು ಪಟ್ಟಿಯಲ್ಲಿರುವ ಸೇವೆಗಳಿಗೆ. ಜಾತಿ ಪ್ರಮಾಣಪತ್ರಕ್ಕಿದೆ. ‘ಚಪ್ಪಡಿ ಮುರಿದಿದೆ, ಮಕ್ಕಳು ಬೀಳುತ್ತಾರೆ’ ಎಂಬ ಸಾದಾ ಕಾಗದಕ್ಕಿಲ್ಲ. ಪಟ್ಟಿಯಲ್ಲಿದ್ದರೂ ಉಪಾಯವಿದೆ. ಕೊನೆಯ ದಿನದವರೆಗೆ ಕಾದು ‘ಪೂರಕ ದಾಖಲೆ ಲಗತ್ತಿಸಿಲ್ಲ’ ಎಂದು ತಿರಸ್ಕರಿಸಿಬಿಡುವುದು. ಪರದೆಯ ಮೇಲೆ ಹಸಿರು ಬಣ್ಣ. ಅವಧಿಯೊಳಗೆ ವಿಲೇವಾರಿ. ಮತ್ತೆ ಅದೇ ಪದ.

ಮಾಹಿತಿ ಹಕ್ಕು ಇದೆಯಲ್ಲ? ಇದೆ, 2005ರಿಂದ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಾಗರಿಕನಿಗೆ ಸಂಕ್ಷಿಪ್ತತೆಯ ಪಾಠ ಹೇಳುವವರು ಯಾರು ಗೊತ್ತೇ? ‘ಇಲ್ಲ’ ಎಂಬ ಎರಡಕ್ಷರ ಹೇಳಲು ಉಲ್ಲೇಖ ಒಂದರಿಂದ ಒಂಬತ್ತರವರೆಗೆ ಪಟ್ಟಿ ಮಾಡುವವರು. ಅರ್ಜಿ ಬೇರೆ ಕಚೇರಿಗೆ ಸಂಬಂಧಿಸಿದ್ದಾದರೆ ಕಲಂ 6(3)ರಂತೆ ಐದು ದಿನದೊಳಗೆ ವರ್ಗಾಯಿಸಬೇಕು. ಐದನ್ನು ಇಪ್ಪತ್ತೊಂಬತ್ತು ಎಂದು ಓದಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಇಲ್ಲೂ ದಂಡ ದಿನಕ್ಕೆ 250, ಗರಿಷ್ಠ 25,000. ನೂರು ದಿನಕ್ಕೆ ಮೀಟರು ಬಂದ್. ಕಾನೂನು ಬರೆದವರಿಗೆ ಕಚೇರಿಗಳ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಮಿತಿ ಹಾಕದಿದ್ದರೆ ಅರ್ಧ ಸರ್ಕಾರ ಪಾಪರ್ ಆಗುತ್ತಿತ್ತು.

ಇಷ್ಟೂ ಸಾಲದೆಂದು ಜನಸ್ಪಂದನ. 1902 ಸಹಾಯವಾಣಿ. 2021ರ ಫೆಬ್ರುವರಿಯಲ್ಲಿ ಶುರುವಾದ ‘ಜಿಲ್ಲಾಧಿಕಾರಿಗಳ ನಡೆ ಹಳ್ಳಿಯ ಕಡೆ’. ಶಾಮಿಯಾನ, ಮೈಕು, ನೀರಿನ ಬಾಟಲಿ, ಹೂಗುಚ್ಛ. ಮರುದಿನದ ಪತ್ರಿಕೆಯಲ್ಲಿ ಅರ್ಜಿ ಸ್ವೀಕರಿಸುವ ಫೋಟೊ. ಅರ್ಜಿ ತೆಗೆದುಕೊಳ್ಳುವ ಫೋಟೊ ನಾನು ನೂರು ನೋಡಿದ್ದೇನೆ. ಉತ್ತರ ಕೊಡುವ ಫೋಟೊ ಒಂದಾದರೂ ನೋಡಿದ್ದೀರಾ? ಒಂದೇ ಸಮಸ್ಯೆಗೆ ಕಾಗದ, ಸಕಾಲ, ಸಹಾಯವಾಣಿ, ಜನಸ್ಪಂದನ ಎಂದು ನಾಲ್ಕು ಬಾಗಿಲು. ನಾಲ್ಕೂ ತೆರೆದುಕೊಳ್ಳುವುದು ಅದೇ ಕೊಠಡಿಗೆ.

ಅದನ್ನೂ ಪರೀಕ್ಷಿಸಿ ನೋಡಬಹುದು. ಒಬ್ಬ ವಿಷಯ ನಿರ್ವಾಹಕ ನಿಮ್ಮ ಕಾಗದದ ಮೇಲೆ ಕೂತಿದ್ದಾನೆಂದು ಮುಖ್ಯಮಂತ್ರಿಗೇ ದೂರು ಬರೆಯಿರಿ. ದೂರು ಮುಖ್ಯಮಂತ್ರಿ ಕಚೇರಿಯಿಂದ ಇಲಾಖಾ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತರಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತದೆ. ಪ್ರತಿ ಮೆಟ್ಟಿಲಲ್ಲೂ ‘ನಿಯಮಾನುಸಾರ ಕ್ರಮ ಕೈಗೊಂಡು ಅರ್ಜಿದಾರರಿಗೆ ಹಿಂಬರಹ ನೀಡಿ ವರದಿ ಸಲ್ಲಿಸುವುದು’ ಎಂಬ ಆಶೀರ್ವಾದ. ಕೊನೆಗೆ ಯಾರ ಮೇಜಿಗೆ ಬೀಳುತ್ತದೆ? ಅದೇ ವಿಷಯ ನಿರ್ವಾಹಕನ ಮೇಜಿಗೆ. ಅವನ ಮೇಲಿನ ದೂರಿನ ಬಗ್ಗೆ ಅವನೇ ಟಿಪ್ಪಣಿ ಮಂಡಿಸುತ್ತಾನೆ. ‘ದೂರಿನಲ್ಲಿ ಹುರುಳಿಲ್ಲ.’ ಹಾಲಿನ ಪಾತ್ರೆಯ ಕಾವಲಿಗೆ ಬೆಕ್ಕು. ಕಾವಲಿನ ವರದಿಯೂ ಬೆಕ್ಕಿನದೇ.

ವಿಧಾನಸೌಧದ ನೆತ್ತಿಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದಿದೆ. ಹಳೇ ಜೋಕು, ಬಿಡಿ. ಬೃಂದಾವನದ ಕಥೆ ಹೇಳಿದ ಮೇಲೆ ದೇವರ ಕಡೆಯವರನ್ನು ಬೈಯುವುದು ಸರಿಯಲ್ಲ.

ಅಂದಹಾಗೆ, ನನಗೆ ಚಪ್ಪಡಿ ಹಾಕಲೇಬೇಕೆಂಬ ಹಟವೂ ಇರಲಿಲ್ಲ. ‘ಅನುದಾನ ಇಲ್ಲ, ಹಾಕಲಾಗುವುದಿಲ್ಲ’ ಎಂದು ಮೊದಲ ವಾರವೇ ಒಂದು ಸಾಲು ಬರೆದಿದ್ದರೆ ಓಣಿಯವರು ಎರಡನೆಯ ವಾರವೇ ಪಟ್ಟಿ ಹಾಕುತ್ತಿದ್ದೆವು. ತಾತನ ಕಾಲು ಉಳಿಯುತ್ತಿತ್ತು. ‘ಆಗುವುದಿಲ್ಲ’ ಎಂದು ಬರೆದರೆ ಅದು ದಾಖಲೆ. ಅದರ ಕೆಳಗೊಂದು ಸಹಿ ಇರುತ್ತದೆ. ನಾಳೆ ಮಗು ಬಿದ್ದರೆ ಆ ಸಹಿ ಮಾತಾಡುತ್ತದೆ. ಸುಮ್ಮನಿದ್ದರೆ? ಮೌನಕ್ಕೆ ಸಹಿ ಇಲ್ಲ. ಮೌನದ ಮೇಲೆ ಮೇಲ್ಮನವಿ ಹಾಕಲಾಗುವುದಿಲ್ಲ. ಇದನ್ನು ಸೋಮಾರಿತನ ಎಂದು ತಿಳಿದವರು ಕಚೇರಿಯನ್ನು ಕಂಡೇ ಇಲ್ಲ. ಇದು ಲೆಕ್ಕಾಚಾರ.

ಲೇಖನ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಸುವಷ್ಟರಲ್ಲಿ ಅಂಚೆಯಣ್ಣ ಮತ್ತೊಂದು ಕಂದು ಲಕೋಟೆ ತಂದ. ಅದೇ ಕಚೇರಿ. ಈ ಸಲ ನೋಟಿಸು. ಸಾರ್ವಜನಿಕ ಚರಂಡಿಯ ಮೇಲೆ ಪೂರ್ವಾನುಮತಿ ಇಲ್ಲದೆ ಚಪ್ಪಡಿ ಅಳವಡಿಸಿರುವುದು ಸ್ಥಳ ಪರಿಶೀಲನೆಯಲ್ಲಿ ಕಂಡುಬಂದಿದೆಯಂತೆ. ನೋಟಿಸು ತಲುಪಿದ ಏಳು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕಂತೆ. ತಪ್ಪಿದಲ್ಲಿ ತಮ್ಮದೇನೂ ಹೇಳಿಕೆ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದಂತೆ.

ಏಳು ದಿನ ಕಾಯಲಿಲ್ಲ. ಮೂರನೆಯ ದಿನವೇ ಸಮಜಾಯಿಷಿ ಬರೆದುಕೊಂಡು ಖುದ್ದು ಹೋದೆ. ಸ್ವೀಕೃತಿ ಕೇಳಿದೆ. ಸೀಲು ಬೀರುವಿನಲ್ಲಿತ್ತು. ಬೀರುವಿನ ಕೀಲಿ ಇದ್ದವರು ರಜೆಯಲ್ಲಿದ್ದರು.

‘ಇಟ್ಟು ಹೋಗ್ರಿ ಸಾರ್, ಸೋಮವಾರ ಬರ್ರಿ’ ಎಂದರು.